ಆರೂವರೆ ಕೆಜಿ ಕೂಸು

ರಂಜಿತಳ ಹೊಟ್ಟೆಯೊಳಗಿನ ಕೂಸು ಆರೂವರೆ ಕೆಜಿ ತೂಗುತ್ತದೆ ಎಂಬ ಸುದ್ದಿ ಅರಕೆರೆಯಲ್ಲಿ ಹಬ್ಬಲು ಒಂದು ಮಧ್ಯಾಹ್ನ ಸಾಕಾಯಿತು.

ಲೆಕ್ಕ ಹಾಕಿದವನು ಅವಳ ಮಾವ ಹೊನ್ನಪ್ಪ. ಇಪ್ಪತ್ತು ವರ್ಷದಿಂದ ಫ್ಯಾಕ್ಟರಿಗೆ ಕಬ್ಬು ಹೊಡೆದವನಿಗೆ ಇದೇನು ದೊಡ್ಡ ಲೆಕ್ಕವಲ್ಲ. ಅಲ್ಲಿ ಮೊದಲು ತುಂಬಿದ ಗಾಡಿಯನ್ನು ತೂಗುತ್ತಾರೆ. ಕಬ್ಬು ಇಳಿಸಿದ ಮೇಲೆ ಖಾಲಿ ಗಾಡಿಯನ್ನು ತೂಗುತ್ತಾರೆ. ಅದರಲ್ಲಿ ಇದನ್ನು ಕಳೆದರೆ ಉಳಿಯುವುದು ಕಬ್ಬು. ಸೊಸೆಯ ವಿಷಯದಲ್ಲಿ ಸ್ವಲ್ಪ ಹಿಂದುಮುಂದಾಗಿತ್ತು ಅಷ್ಟೆ, ಖಾಲಿಯದನ್ನು ಮೊದಲು ತೂಗಿದ್ದರು. ಮೂರನೇ ತಿಂಗಳಲ್ಲಿ ನರ್ಸಮ್ಮ ಬರೆದದ್ದು ನಲವತ್ತೆರಡು ಕೆಜಿ. ಏಳು ತುಂಬಿದಾಗ ಬರೆದದ್ದು ನಲವತ್ತೆಂಟೂವರೆ. ಹೊನ್ನಪ್ಪನಿಗೆ ಅಕ್ಷರ ಅಷ್ಟಕ್ಕಷ್ಟೆ, ಅಂಕಿ ಮಾತ್ರ ಚೆನ್ನಾಗಿ ಬರುತ್ತಿತ್ತು. ಜಗುಲಿಯ ಮೇಲೆ ಕೂತು ಕಾರ್ಡನ್ನು ಕಣ್ಣಿನ ಹತ್ತಿರಕ್ಕೂ ದೂರಕ್ಕೂ ಹಿಡಿದು ನೋಡಿದ.

"ಆರೂವರೆ ಕಣೆ," ಅಂದ ಹೆಂಡತಿಗೆ.

ಮಂಚಮ್ಮ ಮೊರದಲ್ಲಿ ರಾಗಿ ಕೇರುತ್ತಿದ್ದವಳು ಹಾಗೇ ನಿಂತಳು. "ಏನು ಆರೂವರೆ?"

"ಕೂಸು. ನಲವತ್ತೆಲ್ಡು ಖಾಲಿ ಗಾಡಿ. ಮಿಕ್ಕಿದ್ದು ಲೋಡು."

"ಅಯ್ಯೋ ನಿನ್ನ! ಇನ್ನೂ ಎಲ್ಡು ತಿಂಗ್ಳು ಅದೆಯಲ್ಲ!"

"ಅದೇ ನಾನೂ ಏಳ್ತಿರೋದು. ಇದೇ ರೇಟ್ನಲ್ಲಿ ಓದ್ರೆ ಒಂಬತ್ತು ದಾಟ್ತದೆ."

"ಒಂಬತ್ತು ಕೆಜಿ! ಅದೇನು ಕೂಸಾ, ಗೊಬ್ರದ ಮೂಟೆನಾ?"

ಪಕ್ಕದ ಮನೆಯ ಕುಳ್ಳಮ್ಮ ಗೋಡೆಯ ಆಚೆ ಬಟ್ಟೆ ಒಣಹಾಕುತ್ತಿದ್ದಳು. ಒದ್ದೆ ಬಟ್ಟೆಯನ್ನು ಹಾಗೇ ಬಕೆಟ್ಟಿಗೆ ಹಾಕಿ ಬೀದಿಗೆ ಹೊರಟುಹೋದಳು. ಸಂಜೆ ಡೈರಿಗೆ ಹಾಲು ಹಾಕಲು ಬಂದವರೆಲ್ಲ ಹೊನ್ನಪ್ಪನ ಮನೆ ಮುಂದೆ ನಡಿಗೆ ನಿಧಾನ ಮಾಡಿದರು.

ರಂಜಿತ ಬಾಗಿಲ ಹಿಂದೆ ನಿಂತು ಇದನ್ನೆಲ್ಲ ಕೇಳಿಸಿಕೊಂಡಳು. ಅವಳ ಜಾಗವೇ ಅದು. ಮದುವೆಯಾಗಿ ಒಂದೂವರೆ ವರ್ಷವಾದರೂ ಮಾವನ ಎದುರು ಅವಳು ಆಡಿದ ಮಾತು "ಊಟಕ್ಕೇಳಿ" ಎನ್ನುವುದೊಂದೇ. ಕೆ.ಆರ್.ಪೇಟೆ ತಾಲ್ಲೂಕಿನ ಗೋವಿಂದನಹಳ್ಳಿಯಲ್ಲಿ ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟ ಹುಡುಗಿ. ಮಾತು ಕಡಿಮೆಯಾದಷ್ಟೂ ಕಣ್ಣು ಚುರುಕಾಗಿತ್ತು. ಯಾರ ಮನೆಯ ಹಾಲಿಗೆ ನೀರು ಎಷ್ಟು ಬಿತ್ತು, ಯಾರು ಯಾರ ಬೇಲಿ ಯಾವ ಕಡೆಗೆ ಸರಿಸಿದರು, ಎಲ್ಲ ಅವಳಿಗೆ ಗೊತ್ತಿರುತ್ತಿತ್ತು. ಬಾಯಿಗೆ ಮಾತ್ರ ಬರುತ್ತಿರಲಿಲ್ಲ.

ಈಗಲೂ ಅಷ್ಟೆ. ಮಾವನ ಲೆಕ್ಕ ಎಲ್ಲಿ ಕೆಟ್ಟಿದೆ ಎಂದು ಅವಳಿಗೆ ಗೊತ್ತಿತ್ತು.

ನರ್ಸಮ್ಮ ಎಂದೇ ಊರಲ್ಲಿ ಹೆಸರಾದ ಸೋಮಮ್ಮ ತಿಂಗಳಿಗೊಂದು ಗುರುವಾರ ಅಂಗನವಾಡಿಗೆ ಬಂದು ಬಸುರಿಯರ ತೂಕ ನೋಡುತ್ತಿದ್ದಳು. ನಾಗಮಂಗಲದ ಕಡೆಯವಳು, ಮಾತು ಕಡ್ಡಿ ಮುರಿದ ಹಾಗೆ. ಈ ಸಲ ಅವಳು ಕಾರ್ಡಿನ ಹಿಂಭಾಗದಲ್ಲಿ ರಂಜಿತಳಿಗೇ ಬಿಡಿಸಿ ಬರೆದುಕೊಟ್ಟಿದ್ದಳು. ಒಂಬತ್ತು ತಿಂಗಳಿಗೆ ತಾಯಿ ಹತ್ತು ಕೆಜಿಯಾದರೂ ಏರಬೇಕು. ಅದರಲ್ಲಿ ಕೂಸು ಮೂರು. ಮಿಕ್ಕಿದ್ದು ಕೂಸಿನ ಹಿಂದೆ ಬೀಳುವ ಕಸ, ನೀರು, ಗರ್ಭದ ಚೀಲ, ಏರಿದ ರಕ್ತ, ತುಂಬಿದ ಎದೆ, ತೊಡೆಗೂ ಸೊಂಟಕ್ಕೂ ಕೂಡಿದ ಕೊಬ್ಬು. ಕಾರ್ಡು ತಿರುಗಿಸಿ ಮಾವನ ಕೈಗೆ ಕೊಟ್ಟು ಯಾರಿಂದಲಾದರೂ ಓದಿಸಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಎದೆ, ತೊಡೆ ಎಂದು ಬರೆದ ಕಾಗದವನ್ನು ಮಾವನ ಕೈಗೆ ಕೊಡುವುದಕ್ಕಿಂತ ನಾಲೆಗೆ ಹಾರುವುದು ವಾಸಿ ಎಂದು ಅವಳಿಗೆ ಅನ್ನಿಸಿತು.

ಅತ್ತೆಗೆ ನರ್ಸಮ್ಮನೇ ಅವತ್ತು ಹೇಳಲು ನೋಡಿದ್ದಳು. ಮಂಚಮ್ಮ ಒಂದೇ ಪ್ರಶ್ನೆ ಕೇಳಿದಳು.

"ನೀನು ಎಷ್ಟು ಎತ್ತಿದೀಯವ್ವ?"

"ನಂಗಿನ್ನೂ ಮದ್ವೇನೇ ಆಗಿಲ್ಲ ಕಣಮ್ಮ."

"ಅಂಗಾದ್ರೆ ಸುಮ್ಕಿರು."

ಮಂಚಮ್ಮ ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ಮನಸ್ಸಲ್ಲೇ ಬೈದುಕೊಂಡು ಹಗುರಾಗಬಹುದಿತ್ತು. ಅವಳಿಗಿದ್ದದ್ದು ಭಯ. ಮಗ ತಿಮ್ಮರಾಜುವನ್ನು ಹೆರುವಾಗ ಎರಡು ಹಗಲು ಎರಡು ರಾತ್ರಿ ಒದ್ದಾಡಿದ್ದಳು. ಸೂಲಗಿತ್ತಿ ಕೈಚೆಲ್ಲಿ, ಗಾಡಿ ಕಟ್ಟಿ, ಪಟ್ಣದ ದಾರಿಯಲ್ಲಿ ಅರ್ಧಕ್ಕೆ ಹೋಗುವಾಗ ಆ ಗಾಡಿಯ ಕುಲುಕಾಟಕ್ಕೇ ಹೆರಿಗೆಯಾಗಿತ್ತು. ಈ ಕತೆಯನ್ನು ಅವಳು ಊರಿನ ಪ್ರತಿಯೊಬ್ಬ ಬಸುರಿಗೂ ಎರಡೂ ಕೈಯಲ್ಲಿ ತಲೆಯ ಗಾತ್ರ ತೋರಿಸಿ ಹೇಳುತ್ತಿದ್ದಳು. ವರ್ಷ ಕಳೆದಂತೆ ಕೈಗಳ ನಡುವಿನ ಅಂತರ ಜಾಸ್ತಿಯಾಗುತ್ತಾ ಬಂದು ಈಗ ಒಂದು ಕುಂಬಳಕಾಯಿ ಹಿಡಿಸುವಷ್ಟಾಗಿತ್ತು. ಕತೆ ಶುರುವಾದ ಕೂಡಲೇ ತಿಮ್ಮರಾಜು ಟ್ರಾಕ್ಟರಿಗೆ ಡೀಸೆಲ್ ಇಲ್ಲವೆಂದು ಎದ್ದು ಹೋಗುತ್ತಿದ್ದ.

"ನಾಕು ಕೆಜಿಗೇ ನಂಗೆ ಅಂಗಾಯ್ತು," ಅಂದಳು ಮಂಚಮ್ಮ. "ಇನ್ನು ಒಂಬತ್ತಕ್ಕೆ ಈ ಕಡ್ಡಿ ಇದ್ದಂಗಿರೋ ಎಣ್ಣು ಸಿಗಿದೋಯ್ತದೆ. ಇವತ್ತಿಂದ ಪಥ್ಯ. ಒಟ್ಟೆ ಕಾಯ್ಲಿ. ಕೂಸು ತೆಳ್ಳಗಾಯ್ತದೆ."

ಅಂದಿನಿಂದ ರಂಜಿತಳ ತಟ್ಟೆಗೆ ಅರ್ಧ ಮುದ್ದೆ, ತಿಳಿಯಾದ ಉಪ್ಸಾರು. ಹಾಲು ಬಂದ್. ಬಾಳೆಹಣ್ಣು ಬಂದ್. ಅಂಗನವಾಡಿಯಲ್ಲಿ ಬಸುರಿಯರಿಗೆಂದು ಕೊಡುವ ಹಿಟ್ಟು ಮನೆಯ ಕೋಳಿಗಳಿಗೆ. ಮಂಚಮ್ಮ ಕರಿಘಟ್ಟದ ದೇವರಿಗೂ ಹೇಳಿಕೊಂಡಳು. ಕೂಸು ಚಿಕ್ಕದಾಗಿ ಸುಸೂತ್ರ ಹೊರಗೆ ಬಂದರೆ ಮೆಟ್ಟಿಲು ಹತ್ತಿ ಬರುತ್ತೇನೆ ಎಂದು.

"ಎಷ್ಟು ಚಿಕ್ಕದು ಅಂತ ಏಳ್ದಾ?" ಕೇಳಿದ ಹೊನ್ನಪ್ಪ.

"ದೇವ್ರಿಗೆ ಗೊತ್ತಾಗಾಕಿಲ್ವಾ?"

"ಅವನೇನು ತಕ್ಕಡಿ ಇಟ್ಕೊಂಡು ಕುಂತವ್ನಾ? ಬುಡಿಸಿ ಏಳ್ಬೇಕು ಕಣೆ."

ಆ ವಾರದಲ್ಲೇ ಗೋವಿಂದನಹಳ್ಳಿಯಿಂದ ರಂಜಿತಳ ತಾಯಿ ಚಿಕ್ಕಬೋರಮ್ಮ ಬಂದಳು. ಪಾಂಡವಪುರದಲ್ಲಿ ಬಸ್ಸು ತಪ್ಪಿ, ಪಟ್ಣದಲ್ಲಿ ಎರಡು ಗಂಟೆ ಕಾದು, ಮೂರು ಡಬ್ಬ ಹೊತ್ತು ಬಂದಿದ್ದಳು. ಒಂದರಲ್ಲಿ ಕಜ್ಜಾಯ, ಒಂದರಲ್ಲಿ ಕೊಬ್ಬರಿ ಮಿಠಾಯಿ, ಒಂದರಲ್ಲಿ ಚಕ್ಕುಲಿ. ಮಗಳನ್ನು ಚೊಚ್ಚಲ ಬಾಣಂತನಕ್ಕೆ ಕರೆದುಕೊಂಡು ಹೋಗುವುದು ಅವಳ ಉದ್ದೇಶ.

"ಕಳ್ಸಾಕಿಲ್ಲ ಬೀಗಿತ್ತಿ," ಅಂದಳು ಮಂಚಮ್ಮ. "ನಿಮ್ಮೂರಿಂದ ದೊಡ್ಡಾಸ್ಪತ್ರೆ ದೂರ. ಇದು ಅಂಗೆಲ್ಲ ಉದುರೋ ಕೂಸಲ್ಲ."

"ನಾನು ಐದು ಎತ್ತಿವ್ನಿ. ಮನೇಲೇ."

"ಐದೂ ಸೇರುಸುದ್ರೂ ಇದ್ರಷ್ಟು ತೂಕ ಇರ್ಲಿಲ್ಲ ಬುಡಿ."

ಚಿಕ್ಕಬೋರಮ್ಮ ಒಂದು ಹಗಲು ಜಗಳವಾಡಿ, ಒಂದು ಹಗಲು ಅತ್ತು, ಮೂರನೇ ದಿನ ಬಸ್ಸು ಹತ್ತಿದಳು. ಡಬ್ಬಗಳನ್ನು ಮಂಚಮ್ಮ ಅಟ್ಟಕ್ಕೆ ಹಾಕಿ ಏಣಿ ತೆಗೆದಳು.

ತಿಮ್ಮರಾಜುವಿಗೆ ಹೆಂಡತಿಯ ಮೇಲೆ ಪ್ರೀತಿಯಿತ್ತು, ಅವ್ವನ ಮೇಲೆ ಹೆದರಿಕೆಯಿತ್ತು. ಒಂದು ಸಂಜೆ ಬಸ್‌ಸ್ಟ್ಯಾಂಡಿನಿಂದ ಬೇಯಿಸಿದ ಮೊಟ್ಟೆ ತಂದು ಪ್ಯಾಂಟಿನ ಹಿಂದಿನ ಜೇಬಲ್ಲಿ ಇಟ್ಟುಕೊಂಡಿದ್ದ. ಮನೆಯೊಳಗೆ ಕಾಲಿಟ್ಟ ಕೂಡಲೇ ಮಂಚಮ್ಮ "ಕುಂತ್ಕೊಳ್ಳಾ, ಒಸಿ ಮಾತಾಡ್ಬೇಕು" ಅಂದಳು. ಕೂತ. ಅವಳು ಮಾತಾಡಿ ಮುಗಿಸುವ ಹೊತ್ತಿಗೆ ಬೆಕ್ಕು ಬಂದು ಅವನ ಬೆನ್ನ ಹಿಂದೆ ಮೂಸುತ್ತಿತ್ತು.

"ಏನ್ಲಾ ಅದು ಅಳದಿ?"

"ಗ್ರೀಸು," ಅಂದ ತಿಮ್ಮರಾಜು.

ಎಂಟನೇ ತಿಂಗಳ ಗುರುವಾರ ರಂಜಿತ ತೂಕದ ಮೇಲೆ ನಿಂತಳು. ಮುಳ್ಳು ನಲವತ್ತೇಳೂವರೆಗೆ ನಿಂತಿತು. ಒಂದು ಕೆಜಿ ಇಳಿದಿತ್ತು.

ಮಂಚಮ್ಮ ಅಂಗನವಾಡಿ ಮಕ್ಕಳೆಲ್ಲ ತಿರುಗಿ ನೋಡುವ ಹಾಗೆ ಕೈ ತಟ್ಟಿದಳು. "ನೋಡ್ದಾ! ಐದೂವರೆಗೆ ಬಂತು! ಇನ್ನೊಂದು ತಿಂಗ್ಳು ಇಂಗೇ ಮಾಡುದ್ರೆ ನಾಕೂವರೆ. ಅಷ್ಟಾದ್ರೆ ನೀನು ತಡ್ಕೊಂತೀಯ."

ಅವಳು ಈ ಸಂತೋಷವನ್ನು ಕುಳ್ಳಮ್ಮನಿಗೆ ಹೇಳಲು ಹೊರಗೆ ಹೋದಾಗ ಸೋಮಮ್ಮ ರಂಜಿತಳ ಹೊಟ್ಟೆ ಮುಟ್ಟಿ ನೋಡಿ, ಟೇಪಿನಲ್ಲಿ ಅಳೆದು, ಪೆನ್ನು ಕೆಳಗಿಟ್ಟಳು.

"ಏನೇ ಇದು? ಏರಬೇಕಾದ್ದು ಇಳ್ದದೆ. ಕೂಸು ಬೆಳೀತಾನೇ ಇಲ್ಲ. ಇಂಗೇ ಆದ್ರೆ ಎಲ್ಡು ಕೆಜಿನೂ ಬರಾಕಿಲ್ಲ ಅದು."

ರಂಜಿತ ನೆಲ ನೋಡಿದಳು.

"ತಿನ್ನಾಕೂ ಬಾಯೇ, ಏಳಾಕೂ ಬಾಯೇ. ಎಲ್ಡಕ್ಕೂ ಬೀಗ ಆಕೊಂಡು ಕುಂತಿದೀಯ. ನಾನು ದಿನಾ ಬಂದು ತುತ್ತು ತಿನ್ಸಾಕಾಯ್ತದಾ? ನಿಂಗೆ ಬೇಕಾ ಬೇಡ್ವಾ ಕೂಸು?"

ಬೇಕು ಎಂದು ರಂಜಿತ ತಲೆಯಾಡಿಸಿದಳು. ಅಷ್ಟಕ್ಕೇ ಅವಳ ಕಣ್ಣು ತುಂಬಿತು. ನಾಗಮಂಗಲದ ಕಡೆ ಕೊಟ್ಟಿದ್ದ ಅವಳ ಅಕ್ಕನಿಗೂ ಹೀಗೇ ಪಥ್ಯ ಮಾಡಿಸಿದ್ದರು. ಹುಟ್ಟಿದಾಗ ಕೂಸು ಒಂದೂ ಮುಕ್ಕಾಲು ಕೆಜಿ. ಅದರ ಮುಖ ಮುದುಕಿಯ ಮುಖದಂತಿತ್ತು, ಅಳಲೂ ಅದಕ್ಕೆ ಶಕ್ತಿ ಇರಲಿಲ್ಲ. ಒಂಬತ್ತು ದಿನ ಇತ್ತು. ಹೆಸರಿಡುವ ಮೊದಲೇ ಹೋಯಿತು. ಆ ಒಂಬತ್ತೂ ದಿನ ರಂಜಿತ ಅದರ ಪಕ್ಕದಲ್ಲಿ ಕೂತು ನೋಡಿದ್ದಳು. ಆಗಲೂ ಏನೂ ಹೇಳಿರಲಿಲ್ಲ.

ಮನೆಗೆ ಬಂದವಳು ಬಾಯಿ ತೆರೆದಳು. ಮಾತಾಡಲು ಅಲ್ಲ, ತಿನ್ನಲು.

ಆ ಮನೆಯಲ್ಲಿ ಇನ್ನೊಬ್ಬ ಬಸುರಿ ಇದ್ದಳು. ಕೊಟ್ಟಿಗೆಯ ಎಮ್ಮೆ. ಅದಕ್ಕೂ ದಿನ ಹತ್ತಿರವಾಗಿತ್ತು. ಮಂಚಮ್ಮ ಅದಕ್ಕೆ ಬೆಳಿಗ್ಗೆ ಬೇಯಿಸಿದ ಹುರುಳಿ, ಸಂಜೆ ಕಡಲೆಕಾಯಿ ಹಿಂಡಿ ನೆನೆಸಿದ ನೀರು, ನಡುವೆ ತವುಡು, ಮೇಲೊಂದು ಬೆಲ್ಲದ ಉಂಡೆ ಕೊಡಿಸುತ್ತಿದ್ದಳು. "ಗಬ್ಬದ ಎಮ್ಮೆ, ಚೆನ್ನಾಗಿ ತಿನ್ಬೇಕು. ಇಲ್ದಿದ್ರೆ ಕರ ಸೊರಗ್ತದೆ," ಎಂದು ದಿನಕ್ಕೆರಡು ಸಲ ಹೇಳಿ ಬಾನಿ ತುಂಬಿಸುತ್ತಿದ್ದಳು. ಬಾನಿ ಹೊತ್ತು ಕೊಟ್ಟಿಗೆಗೆ ಒಯ್ಯುವ ಕೆಲಸ ರಂಜಿತಳದು.

ಮೊದಲ ದಿನ ಒಂದು ಹಿಡಿ ಹುರುಳಿ. ಬಿಸಿಯಾಗಿತ್ತು, ಒಂದು ಹರಳು ಉಪ್ಪು ಬಿದ್ದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು. ಎರಡನೇ ದಿನ ಸೆರಗಿನ ತುದಿಯಲ್ಲಿ ಉಪ್ಪು ಕಟ್ಟಿಕೊಂಡು ಹೋದಳು. ಮೂರನೇ ದಿನದಿಂದ ಬೆಲ್ಲದಲ್ಲೂ ಪಾಲಾಯಿತು. ಎಮ್ಮೆ ಒಂದೆರಡು ಸಲ ಅವಳನ್ನು ನೋಡಿ ಬುಸುಗುಟ್ಟಿತು. "ನಿಂಗೆ ಇನ್ನೊಂದು ಸಲ ಕೊಡ್ತಾರೆ, ನಂಗೆ ಕೊಡಾಕಿಲ್ಲ," ಎಂದು ರಂಜಿತ ಅದಕ್ಕೆ ಹೇಳಿದಳು. ಆ ಮನೆಯಲ್ಲಿ ಅವಳು ಧೈರ್ಯವಾಗಿ ಮಾತಾಡುತ್ತಿದ್ದದ್ದು ಅದೊಂದರ ಜೊತೆಗೇ.

ಹತ್ತು ದಿನ ಚೆನ್ನಾಗಿಯೇ ನಡೆಯಿತು. ಹನ್ನೊಂದನೇ ದಿನ ಬೆಳಿಗ್ಗೆ ಹೊನ್ನಪ್ಪ ಹಗ್ಗ ಹುಡುಕಿಕೊಂಡು ಕೊಟ್ಟಿಗೆಗೆ ಬಂದ. ಬಾನಿಯ ಒಂದು ಕಡೆ ಎಮ್ಮೆ ನಿಂತಿತ್ತು, ಇನ್ನೊಂದು ಕಡೆ ಸೊಸೆ ಕುಕ್ಕರುಗಾಲಲ್ಲಿ ಕೂತಿದ್ದಳು. ಇಬ್ಬರೂ ಅಗಿಯುತ್ತಿದ್ದರು. ಇಬ್ಬರೂ ಒಟ್ಟಿಗೆ ತಲೆಯೆತ್ತಿ ಅವನನ್ನು ನೋಡಿದರು.

"ಲೇ ಮಂಚೀ!" ಎಂದು ಕೂಗಿದ ಹೊನ್ನಪ್ಪ. "ಬಾರೇ ಇಲ್ಲಿ! ಎಮ್ಮೆ ಯಾಕೆ ಸೊರಗ್ತಾ ಅದೆ ಅಂತಿದ್ಯಲ್ಲ, ನೋಡು ಬಾ!"

ಮಂಚಮ್ಮ ಸೌಟು ಹಿಡಿದೇ ಓಡಿಬಂದಳು. ಹಿಂದೆಯೇ ತಿಮ್ಮರಾಜು ಬಂದ. ಗೋಡೆಯ ಮೇಲೆ ಕುಳ್ಳಮ್ಮನ ತಲೆ ಕಾಣಿಸಿಕೊಂಡಿತು.

"ಅಯ್ಯೋ ನನ್ ಕರ್ಮವೇ! ಎಮ್ಮೆ ಉಳ್ಳಿಕಾಳು ತಿಂತಾವ್ಳಲ್ಲಪ್ಪ! ನಾನು ಇಲ್ಲಿ ಗುಂಜಿ ಗುಂಜಿ ಲೆಕ್ಕ ಆಕಿ ಕೂಸು ಇಳುಸ್ತಾ ಇದ್ರೆ, ಇವ್ಳು ಬಾನಿಗೇ ಬಾಯಾಕವ್ಳೆ!"

"ಎಷ್ಟು ದಿನದಿಂದ?" ಕೇಳಿದ ಹೊನ್ನಪ್ಪ.

ರಂಜಿತಳ ಬಾಯಿ ತುಂಬಾ ಹುರುಳಿ.

"ಇನ್ನೆಷ್ಟು ಏರ್ದದೆಯೋ," ಹೊನ್ನಪ್ಪ ಬೆರಳು ಮಡಚಲು ಶುರುಮಾಡಿದ. "ಐದೂವರೆ ಇತ್ತು. ದಿನಕ್ಕೆ ಕಾಲು ಕೆಜಿ ಉಳ್ಳಿ ಅಂತ ಇಟ್ಕೊಂಡ್ರೂ..."

"ಇವತ್ತಿಂದ ಬಾನಿ ನಾನೇ ಒತ್ಕೊಂಡು ಓಯ್ತೀನಿ," ಅಂದಳು ಮಂಚಮ್ಮ. "ಇವ್ಳಿಗೆ ಗಂಜಿ ಒಂದೇ. ಕೂಸು ಉಟ್ಟೋ ತನಕ."

ರಂಜಿತ ಹುರುಳಿ ನುಂಗಿದಳು. ಗಂಜಿ ಒಂದೇ ಎಂದರೆ ಏನಾಗುತ್ತದೆಂದು ಅಲ್ಲಿದ್ದವರಲ್ಲಿ ಅವಳೊಬ್ಬಳೇ ಕಣ್ಣಾರೆ ಕಂಡವಳು. ಮಾವನ ಮುಖ ನೋಡಲಾಗದೆ ಎಮ್ಮೆಯ ಮುಖ ನೋಡಿಕೊಂಡು ಹೇಳಿದಳು:

"ಮಾವ, ನೀವು ಕಬ್ಬಿನ ಮೇಲೆ ಕುಂತಿರ್ತೀರಲ್ಲ."

ಎಲ್ಲರೂ ಮೊದಲು ಎಮ್ಮೆಯನ್ನೇ ನೋಡಿದರು. ಅವಳ ದನಿ ಅಷ್ಟು ಹೊಸದಾಗಿತ್ತು.

"ಏನಂದೆ?" ಅಂದ ಹೊನ್ನಪ್ಪ.

"ಫ್ಯಾಕ್ಟರೀಲಿ. ಮದ್ವೆ ಆದೊಸ್ದ್ರಲ್ಲಿ ನಾನೂ ಟ್ರಾಕ್ಟರ್‌ನಲ್ಲಿ ಬಂದಿದ್ನಲ್ಲ, ಆಗ ನೋಡ್ದೆ. ತುಂಬಿದ ಗಾಡಿ ತೂಕ ಆಕ್ಬೇಕಾದ್ರೆ ನೀವು ಅಗ್ಗ ಬಿಗಿಯೋರಂಗೆ ಕಬ್ಬಿನ ಮೇಲೆ ಮಲಗಿರ್ತೀರ. ಖಾಲಿ ಗಾಡಿ ತೂಕ ಆಕ್ಬೇಕಾದ್ರೆ ಟೀ ಕುಡ್ಯಾಕೆ ಓಗಿರ್ತೀರ."

ಕುಳ್ಳಮ್ಮ ಗೋಡೆಯ ಮೇಲೆ ಇನ್ನೊಂದು ಗೇಣು ಮೇಲೆದ್ದಳು.

"ಅವ್ರ ಚೀಟೀಲಿ ಕಬ್ಬು ಅಂತ ಬರ್ಕೊಡ್ತಾರಲ್ಲ, ಅದೆಲ್ಲಾ ಕಬ್ಬೇನಾ ಮಾವ?"

ಹೌದೆಂದರೆ ಹೊನ್ನಪ್ಪ ತಾನೇ ಕಬ್ಬಾಗುತ್ತಿದ್ದ, ಇಲ್ಲವೆಂದರೆ ಕಳ್ಳನಾಗುತ್ತಿದ್ದ. ತಿಮ್ಮರಾಜು ಒಂದು ಕೆಮ್ಮು ಕೆಮ್ಮಿ ಚಾವಣಿಯ ತೊಲೆ ಎಣಿಸತೊಡಗಿದ. ಅವನೇ ಆ ಟ್ರಾಕ್ಟರಿನ ಡ್ರೈವರು.

ಮಂಚಮ್ಮ ಸೌಟು ಇಳಿಸಿದಳು. "ಅಂದ್ರೆ ಏನು? ಇವ್ಳ ಒಟ್ಟೇಲಿ ನಿನ್ನಂಥ ಮುದ್ಕ ಒಬ್ಬ ಕುಂತವ್ನಾ?"

"ಇಲ್ಲ ಅತ್ತೆ," ಅಂದಳು ರಂಜಿತ. ಒಮ್ಮೆ ಶುರುವಾದ ಮೇಲೆ ನಿಲ್ಲಿಸಿದರೆ ಮತ್ತೆ ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. "ಲೋಡೆಲ್ಲಾ ಕೂಸಲ್ಲ. ಕೂಸಿನ ಜೊತೇಲಿ ಬೇರೆ ಬೇರೆ ಅದೆ. ಎಮ್ಮೆ ಕರ ಆಕ್ದಾಗ ಬರೀ ಕರ ಒಂದೇ ಬೀಳ್ತದಾ?"

"ಅದೆಂಗೆ ಬೀಳ್ತದೆ? ಮೊದ್ಲು ನೀರು ಓಯ್ತದೆ. ಆಮ್ಯಾಕೆ ಕರ. ಆಮ್ಯಾಕೆ ಕಸ ಬೀಳ್ತದೆ."

"ಎಷ್ಟು ಇರ್ತದೆ ಕಸ?"

"ಓದ್ಸಲ ಒಂದು ಮಂಕ್ರಿ ಬಿತ್ತು. ನಾನೇ ಗುಂಡಿ ತಗ್ದು ಊತಾಕಿದ್ದು."

"ನಂಗೂ ಅಂಗೇ ಅತ್ತೆ. ನೀರು, ಕಸ, ಅದ್ರ ಚೀಲ. ಎಚ್ಚಿನ ರಕ್ತ. ಆಮ್ಯಾಕೆ..." ಇಲ್ಲಿ ಅವಳ ನಾಲಿಗೆ ನಿಂತಿತು. ಆ ಪದ ಮಾವನ ಎದುರು ಯಾವ ಜನ್ಮಕ್ಕೂ ಬರುವಂತಿರಲಿಲ್ಲ. ಕೈಯೆತ್ತಿ ಎಮ್ಮೆಯ ಹಿಂಗಾಲಿನ ಕಡೆ ತೋರಿಸಿದಳು. "ಅದು."

ಮಂಚಮ್ಮ ಬಗ್ಗಿ ನೋಡಿದಳು. "ಕೆಚ್ಚಲಾ?" ಅಂದಳು, ಇಡೀ ಬೀದಿಗೆ ಕೇಳುವ ಹಾಗೆ. "ಕೆಚ್ಚಲು ಕಟ್ಟಿರೋದೂ ತೂಕಕ್ಕೆ ಬತ್ತದಾ?"

ತಿಮ್ಮರಾಜುವಿನ ಜೊತೆ ಹೊನ್ನಪ್ಪನೂ ತೊಲೆ ಎಣಿಸಲು ಸೇರಿಕೊಂಡ.

"ಬತ್ತದೆ," ಅಂದಳು ರಂಜಿತ.

ನರ್ಸಮ್ಮ ಹೇಳಿದ್ದರೆ ಮಂಚಮ್ಮ ಒಪ್ಪುತ್ತಿರಲಿಲ್ಲ. ಎಮ್ಮೆ ಹೇಳಿದರೆ ಒಪ್ಪದೇ ಇರಲಾಗಲಿಲ್ಲ. ಹನ್ನೆರಡು ಸೂಲು ಅವಳ ಕೈಯಲ್ಲೇ ಆಗಿದ್ದವು. ಬಾನಿಯ ಕಡೆ ನೋಡಿದಳು, ಸೊಸೆಯ ಮಣಿಕಟ್ಟಿನ ಕಡೆ ನೋಡಿದಳು. ಬಳೆಗಳು ಮೊಣಕೈವರೆಗೂ ಜಾರುತ್ತಿದ್ದವು.

"ಅಂಗಾದ್ರೆ ಕೂಸು ಎಷ್ಟು?"

"ತಿಂದ್ರೆ ಮೂರು."

"ತಿನ್ನದಿದ್ರೆ?"

"ನಮ್ಮಕ್ಕ ತಿನ್ಲಿಲ್ಲ ಅತ್ತೆ. ಒಂದೂ ಮುಕ್ಕಾಲು ಇತ್ತು. ಒಂಬತ್ತು ದಿನ ಇತ್ತು."

ಕುಳ್ಳಮ್ಮನ ತಲೆ ಗೋಡೆಯಿಂದ ನಿಧಾನವಾಗಿ ಕೆಳಗಿಳಿಯಿತು. ಎಮ್ಮೆ ಮಾತ್ರ ಅಗಿಯುತ್ತಿತ್ತು. ಮಂಚಮ್ಮ ಸೌಟನ್ನು ಗಂಡನ ಕೈಗೆ ತುರುಕಿ, ಏಣಿ ಎಳೆದು, ಈ ವಯಸ್ಸಿನಲ್ಲಿ ಯಾರೂ ಹತ್ತದ ಹಾಗೆ ಅಟ್ಟ ಹತ್ತಿದಳು. ಮೂರು ಡಬ್ಬ ಇಳಿಸಿಕೊಂಡು ಬಂದು ಸೊಸೆಯ ಮುಂದಿಟ್ಟಳು.

ಚಕ್ಕುಲಿ ಹಾಗೇ ಇತ್ತು. ಕಜ್ಜಾಯದ ಡಬ್ಬದಲ್ಲಿ ಎರಡು ಉಳಿದಿದ್ದವು. ಕೊಬ್ಬರಿ ಮಿಠಾಯಿಯ ಡಬ್ಬದಲ್ಲಿ ಪುಡಿ ಮಾತ್ರ ಇತ್ತು.

"ಏನಾಯ್ತವ್ವ ಮಿಕ್ಕಿದ್ದು?" ಕೇಳಿದ ತಿಮ್ಮರಾಜು.

"ಯೋಚ್ನೆ ಅತ್ತುದ್ರೆ ನಂಗೆ ಅಸಿವಾಯ್ತದೆ ಕಣ್ಲಾ," ಅಂದಳು ಮಂಚಮ್ಮ. "ಒಂಬತ್ತು ಕೆಜಿ ಯೋಚ್ನೆ ಅಂದ್ರೆ ಸುಮ್ನೇನಾ? ನಿಂತ್ಕೊಂಡು ಏನ್ ನೋಡ್ತೀಯ, ಓಗಿ ಮೊಟ್ಟೆ ತಕೊಂಡು ಬಾ. ಈ ಸಲ ಜೇಬಲ್ಲಿ ಆಕೊಂಡು ಬರ್ಬೇಡ."

ಆಮೇಲೆ ಊರಲ್ಲಿ ಆರೂವರೆ ಕೆಜಿ ಕೂಸಿನ ಸುದ್ದಿ ನಿಂತುಹೋಯಿತು. ಅದಕ್ಕಿಂತ ರುಚಿಯಾದದ್ದು ಕುಳ್ಳಮ್ಮನಿಗೆ ಸಿಕ್ಕಿತ್ತು. ಹೊನ್ನಪ್ಪ ಡೈರಿಯ ಮುಂದೆ ಹಾದರೆ ಯಾರಾದರೂ ಒಬ್ಬರು "ಏನು ಹೊನ್ನಪ್ಪಣ್ಣ, ಇವತ್ತು ಕಬ್ಬಾಗಿದೀಯೋ, ಮನ್ಸ ಆಗಿದೀಯೋ?" ಎಂದು ಕೇಳುತ್ತಿದ್ದರು.

ಮಂಚಮ್ಮ ಯಾವ ಕೆಲಸವನ್ನೂ ಅರ್ಧ ಮಾಡುವವಳಲ್ಲ. ಉಪವಾಸ ಹಾಕಿದ್ದಷ್ಟೇ ಛಲದಿಂದ ತಿನ್ನಿಸಿದಳು. ಬೆಳಿಗ್ಗೆ ಮುದ್ದೆ, ಸೊಪ್ಪಿನ ಸಾರು, ಮೊಟ್ಟೆ. ಹತ್ತು ಗಂಟೆಗೆ ಹಾಲು. ಮಧ್ಯಾಹ್ನ ಅನ್ನ, ಮೊಳಕೆ ಹುರುಳಿ ಸಾರು, ಈಗ ಉಪ್ಪು ಹಾಕಿ. ಕೋಳಿಗಳಿಂದ ಕಿತ್ತುಕೊಂಡ ಅಂಗನವಾಡಿ ಹಿಟ್ಟಿಗೆ ಬೆಲ್ಲ ಬೆರೆಸಿ ಉಂಡೆ. ಆದರೆ ಹೆದರಿಕೆ ಹೋಗಿರಲಿಲ್ಲ. ಸೊಸೆ ತಿನ್ನುವಾಗ ಎದುರಿಗೇ ಕೂತು ಅವಳ ಹೊಟ್ಟೆಯನ್ನೇ ಗುರುಗುಟ್ಟಿ ನೋಡುತ್ತಿದ್ದಳು.

"ಮೂರು ಅಂದಿದೀಯ. ಮೂರಕ್ಕಿಂತ ಒಂದು ಚಟಾಕು ಜಾಸ್ತಿ ಆದ್ರೂ ನಿಮ್ಮವ್ವನ್ನ ಬಯ್ತೀನಿ ನೋಡು."

"ಊ," ಅನ್ನುತ್ತಿದ್ದಳು ರಂಜಿತ. ಬಾಯಿ ತುಂಬಿರುತ್ತಿತ್ತು.

ಒಂಬತ್ತು ತುಂಬಿದ ಗುರುವಾರ ಐವತ್ತೊಂದೂವರೆ ಕೆಜಿ ಬಂತು. ಸೋಮಮ್ಮ ಕಾರ್ಡಿನಲ್ಲಿ ಬರೆದು, ಅದರ ಕೆಳಗೆ ಎರಡು ಗೆರೆ ಎಳೆದಳು. ಮಂಚಮ್ಮ ಮನಸ್ಸಲ್ಲೇ ಒಂಬತ್ತೂವರೆ ಎಂದು ಎಣಿಸಿ ಕಂಬ ಹಿಡಿದುಕೊಂಡು ನಿಂತಳು. ಹೇಳಿದ್ದು ಮಾತ್ರ ಬೇರೆ: "ಕೆಚ್ಚಲಿಗೆ ಎಷ್ಟು ಕಳೀಬೇಕವ್ವ?"

ಅದಾದ ಎಂಟನೇ ದಿನ ಬೆಳಗಿನ ಜಾವ ನೋವು ಶುರುವಾಯಿತು. ತಿಮ್ಮರಾಜು ಊರಿನ ಟೆಂಪೋ ತಂದ. ಪಟ್ಣದ ಆಸ್ಪತ್ರೆಯ ತನಕ ಮಂಚಮ್ಮ ರಂಜಿತಳ ಕೈ ಬಿಡಲಿಲ್ಲ. ಹಳ್ಳ ಬಂದಾಗಲೆಲ್ಲ ಡ್ರೈವರಿನ ಬೆನ್ನಿಗೆ ಗುದ್ದುತ್ತಿದ್ದಳು. ಹೆರಿಗೆ ಕೋಣೆಯ ಬಾಗಿಲು ಹಾಕಿದ ಮೇಲೆ ನೆಲದ ಮೇಲೆ ಕೂತು ಕರಿಘಟ್ಟದ ಕಡೆ ಮುಖ ಮಾಡಿ, ಈ ಸಲ ಬಿಡಿಸಿಯೇ ಹೇಳಿದಳು. ಮೂರು ಕೆಜಿ. ಜಾಸ್ತಿ ಬೇಡ, ಕಮ್ಮಿಯೂ ಬೇಡ.

ಹನ್ನೊಂದು ಗಂಟೆಗೆ ಒಳಗಿಂದ ಅಳು ಕೇಳಿತು. ಸಣ್ಣ ಅಳುವಲ್ಲ. ಆ ಮನೆಯಲ್ಲಿ ಕೂಸಿನ ಅಮ್ಮ ಒಂದೂವರೆ ವರ್ಷ ಆಡದೆ ಇಟ್ಟುಕೊಂಡ ಮಾತನ್ನೆಲ್ಲ ಒಂದೇ ಸಲ ಆಡುವಂಥ ಅಳು.

"ಎಣ್ಣು ಮಗು," ಅಂದಳು ಬಾಗಿಲು ತೆರೆದ ಆಯಾ. "ಎಲ್ಡು ಕೆಜಿ ಒಂಬೈನೂರು."

ಮಂಚಮ್ಮ ಗೋಡೆ ಹಿಡಿದು ಎದ್ದಳು. ಕಣ್ಣು ಒರೆಸಿಕೊಂಡಳು. ಆಮೇಲೆ ಅಂದಳು, "ಮೂರೂ ಇಲ್ವಾ? ಅಷ್ಟು ತಿನ್ಸಿದ್ದು ಎಲ್ಲಿಗೆ ಓಯ್ತು?"

ಮಾರನೇ ದಿನ ವಾರ್ಡಿನಲ್ಲಿ ರಂಜಿತ ಎದ್ದು ಓಡಾಡುವಂತಾದ ಮೇಲೆ ಮಂಚಮ್ಮನಿಗೆ ಸುಮ್ಮನಿರಲಾಗಲಿಲ್ಲ. ಮೂಲೆಯಲ್ಲಿದ್ದ ತೂಕದ ಮೇಲೆ ಸೊಸೆಯನ್ನು ನಿಲ್ಲಿಸಿದಳು. ಬಾಗಿಲಲ್ಲಿ ನಿಂತಿದ್ದ ಹೊನ್ನಪ್ಪ ದೂರದಿಂದಲೇ ಮುಳ್ಳು ನೋಡಿ ಹೇಳಿದ.

"ನಲವತ್ತಾರೂವರೆ."

"ಖಾಲಿ ಎಷ್ಟಿತ್ತು?"

"ನಲವತ್ತೆಲ್ಡು."

ಮಂಚಮ್ಮ ಎದೆ ಹಿಡಿದುಕೊಂಡಳು. "ಕೂಸು ಬಂತು, ನೀರು ಓಯ್ತು, ಕಸ ಬಿತ್ತು. ಇನ್ನೂ ನಾಕೂವರೆ ಒಳ್ಗೇ ಅದೆ! ಲೇ ಯಾರ್ರವ್ವ ಅಲ್ಲಿ! ಡಾಕ್ಟ್ರುನ್ನ ಕರೀರಿ! ಇವ್ಳ ಒಟ್ಟೇಲಿ ಇನ್ನೊಂದದೆ!"

ಹನ್ನೆರಡು ಮಂಚದ ಬಾಣಂತಿಯರೂ ಎದ್ದು ಕೂತರು. ಎರಡು ಕೂಸು ಅಳತೊಡಗಿದವು. ಒಬ್ಬ ಮುದುಕಿ ತನ್ನ ಸೊಸೆಯ ಹೊಟ್ಟೆಯನ್ನೂ ಒತ್ತಿ ನೋಡಿದಳು.

"ಅತ್ತೆ," ಅಂದಳು ರಂಜಿತ. ಎಮ್ಮೆಯ ಮುಖ ನೋಡದೆ, ನೆಲ ನೋಡದೆ, ಇಡೀ ವಾರ್ಡಿಗೆ ಕೇಳುವ ಹಾಗೆ. "ಇನ್ನೊಂದಿಲ್ಲ. ಅದು ನಂದು."

"ಏನು ನಿಂದು?"

"ನಾಕೂವರೆ ಕೆಜಿ. ಕೂಸಿನ್ದು ಕೂಸು ತಕೊಂಡಾಯ್ತು. ಉಳ್ದಿರೋದು ನಂದು. ಇದ್ನ ಇಳ್ಸಾಕೆ ನಾನು ಬುಡಾಕಿಲ್ಲ."

ಮಂಚಮ್ಮ ಹನ್ನೆರಡು ಮಂಚದ ಕಡೆ ನೋಡಿ, ಸ್ಟೂಲಿನ ಮೇಲೆ ಕೂತಳು. ಮನೆಯಿಂದ ತಂದ ಟಿಫನ್ ಕ್ಯಾರಿಯರ್ ಬಿಚ್ಚಿದಳು. ಬಾಣಂತಿ ಪಥ್ಯ. ಮೇಲಿನ ಡಬ್ಬದಲ್ಲಿ ಮೆಣಸಿನ ಸಾರು, ಕೆಳಗಿನದರಲ್ಲಿ ಒಂದು ಹಿಡಿ ಅನ್ನ. ರಂಜಿತ ಬಗ್ಗಿ ಆ ಅನ್ನವನ್ನು ನೋಡಿದಳು, ಅತ್ತೆಯನ್ನು ನೋಡಿದಳು.

"ಅಂಗ್ಯಾಕೆ ನೋಡ್ತೀಯ ಮಾರಾಯ್ತಿ, ಗೊತ್ತಾಯ್ತು ಬುಡು," ಎಂದು ಮಂಚಮ್ಮ ಬಾಗಿಲಲ್ಲಿದ್ದ ಗಂಡನ ಕಡೆ ತಿರುಗಿದಳು. "ಓಗು, ಓಟ್ಲಿಂದ ನಾಕು ಇಡ್ಲಿ ಕಟ್ಟಿಸ್ಕೊಂಡು ಬಾ."

ಹೊನ್ನಪ್ಪ ಚಪ್ಪಲಿ ಮೆಟ್ಟಿಕೊಂಡ.

"ನಾಕಲ್ಲ ಮಾವ," ಅಂದಳು ರಂಜಿತ ಕೂಸನ್ನು ಎದೆಗೆ ಎತ್ತಿಕೊಳ್ಳುತ್ತಾ, "ಆರು."